ಮಾವನ ಮೊಣಕಾಲು, ನನ್ನ ಕುದುರೆ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಚೆಸ್ ಕಾಯಿಗಳನ್ನು ಮೆತ್ತನೆಯ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಹಲಗೆಯ ಮೇಲೆ ಇಡುತ್ತಿದ್ದೆ. ಕೊನೆಯ ಕಾಲಾಳನ್ನು ಅದರ ಮನೆಯ ನಟ್ಟನಡುವೆ ನಿಲ್ಲಿಸಿ, ಎದುರು ಕುಳಿತಿದ್ದ ಮಾವನಿಗೆ ಗಂಭೀರವಾಗಿ ಘೋಷಿಸಿದೆ.

“ಮಾವ, ಇವತ್ತು ನಿಮ್ಮ ರಾಜನನ್ನ ಹಿಡಿದೇ ಏಳೋದು. ಆಮೇಲೆ ನೀವು ಮಾತು ತಪ್ಪೋ ಹಾಗಿಲ್ಲ. ಮೊಣಕಾಲು ಬಗ್ಗಿಸಬೇಕು.”

ಮಾವ ನನ್ನ ಸೈನ್ಯದ ಮೇಲೆ ಕಣ್ಣಾಡಿಸಿದರು.

“ಆಗಲಿ ಅಳಿಯಂದಿರೇ. ಅದಕ್ಕೆ ಮೊದಲು ನಿಮ್ಮ ರಾಜ, ಮಂತ್ರಿ ಇಬ್ಬರೂ ಅದಲುಬದಲಾಗಿ ನಿಂತಿದ್ದಾರೆ. ಅವರನ್ನ ಅವರವರ ಮನೆಗೆ ಕಳಿಸಿ.”

ನನ್ನ ದಿಗ್ವಿಜಯ ಹೀಗೆ ಹೊರಟಿತು.

ಮಾವನವರು ನಿವೃತ್ತ ವ್ಯಾಯಾಮ ಶಿಕ್ಷಕರು. ತಮ್ಮ ಸೇವಾವಧಿಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಬಸ್ಕಿ ಹೊಡೆಸಿದವರು. ಅಂಥವರಿಗೆ ಬಲ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಆದ ಮೇಲೆ, ಆ ಕಾಲನ್ನು ಬಗ್ಗಿಸಿ ಎಂದರೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಕಾಲನ್ನು ಎದುರಿನ ಮಣೆಯ ಮೇಲೆ ಉದ್ದಕ್ಕೆ ಚಾಚಿ, ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ ಕುಳಿತುಬಿಟ್ಟರು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವುದಷ್ಟೇ ಅವರ ಲೋಕಸಂಚಾರ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿಗೆ ‘ಮೊಣಕಾಲು ಪೊಲೀಸ್’ ಎಂದು ಹೆಸರಿಟ್ಟಿದ್ದರು. ಅವಳು ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ನಿದ್ದೆ ಬರುತ್ತಿತ್ತು.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಅಪರಿಚಿತರ ಬಾಯಿ ತೆರೆಸುವ ಅವಳಿಗೆ ಸ್ವಂತ ಅಪ್ಪನ ಕಾಲು ಬಗ್ಗಿಸಲು ಆಗಲಿಲ್ಲ. ಫಿಸಿಯೋ ಕೋನಮಾಪಕ ಹಿಡಿದು ಅಳೆದಾಗ ಅರವತ್ತೆಂಟು ಡಿಗ್ರಿ. ತೊಂಬತ್ತು ದಾಟಬೇಕು. ಶನಿವಾರದೊಳಗೆ ದಾಟದಿದ್ದರೆ ಆಸ್ಪತ್ರೆಗೆ ಸೇರಿಸಿ, ಮತ್ತೆ ಪ್ರಜ್ಞೆ ತಪ್ಪಿಸಿ, ಬಲವಂತವಾಗಿ ಬಗ್ಗಿಸಬೇಕಾಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಅವತ್ತಿನಿಂದ ನನ್ನ ಹೆಂಡತಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತುಕೊಳ್ಳಲು ಶುರುಮಾಡಿದಳು. ಮಾವನೂ ಒಬ್ಬರೇ ಇದ್ದಾಗ ಆ ಕಾಲನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಡುವುದನ್ನು ನಾನು ನೋಡಿದ್ದೆ, ಯಾರದೋ ಮಗುವನ್ನು ಎಬ್ಬಿಸದಂತೆ ಮಲಗಿಸುವ ಹಾಗೆ. ಅವರದು ಹಠವಲ್ಲ, ಹೆದರಿಕೆ ಎಂದು ನನಗೆ ಗೊತ್ತಾಗಿತ್ತು. ಅದನ್ನು ಅವರ ಮುಂದೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ತಾವಾಗಿಯೇ ಷರತ್ತು ಹಾಕಿದರು. “ಈ ಮನೇಲಿ ಯಾರಾದ್ರೂ ಚೆಸ್‌ನಲ್ಲಿ ನನ್ನ ಸೋಲಿಸಿ. ಅವತ್ತೇ ಕಾಲು ಬಗ್ಗಿಸ್ತೀನಿ.”

ಮನೆಯಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬಳು ನಕ್ಕಳು. ಇನ್ನೊಬ್ಬನು ಎದೆಯುಬ್ಬಿಸಿದನು.

ನಾನು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಬಿಳಿಯಲ್ಲೇ ಹದಿನೇಳು ಬಿಳಿಗಳನ್ನು ಬೇರ್ಪಡಿಸಿ ಸಂಬಳ ಪಡೆಯುವವನು. ಅರವತ್ತನಾಲ್ಕು ಮನೆಗಳ ಹಲಗೆ ನನಗೆ ಯಾವ ಲೆಕ್ಕ? ರಜೆ ಹಾಕಿದೆ. ಗ್ರಂಥಾಲಯದಿಂದ ಚೆಸ್ ತಂತ್ರದ ದಪ್ಪ ಪುಸ್ತಕ ತಂದೆ. ನಡು ಮನೆಗಳನ್ನು ಹಿಡಿಯಬೇಕು, ರಾಜನನ್ನು ಬೇಗ ಮೂಲೆಗೆ ಸೇರಿಸಬೇಕು, ಸೋಮಾರಿ ಕಾಯಿ ಯಾವುದೆಂದು ಹುಡುಕಿ ಅದಕ್ಕೆ ಕೆಲಸ ಕೊಡಬೇಕು ಎಂದೆಲ್ಲ ಕಲಿತೆ. ಎಲ್ಲಕ್ಕಿಂತ ಮುಖ್ಯ ಪಾಠ ಒಂದಿತ್ತು: ಎದುರಾಳಿಯ ಪ್ರತಿ ನಡೆಯ ಹಿಂದೆ ಏನು ಬೆದರಿಕೆ ಇದೆ ಎಂದು ಕೇಳಿಕೊಳ್ಳದೆ ಕೈ ಎತ್ತಬಾರದು.

ಒಳ್ಳೆಯ ಪಾಠವನ್ನು ಮನೆಯಲ್ಲೂ ಆಚರಿಸಬೇಕಷ್ಟೆ. ಮರುದಿನ ಬೆಳಿಗ್ಗೆ ಹೆಂಡತಿ ಕೇಳಿದಳು, “ರೀ, ಈ ಸೀರೆ ಹೇಗಿದೆ?”

ಬೆದರಿಕೆ ಏನು ಎಂದು ಯೋಚಿಸಿದೆ. ಚೆನ್ನಾಗಿದೆ ಎಂದರೆ ನಿನ್ನೆಯದು ಚೆನ್ನಾಗಿರಲಿಲ್ಲವೇ ಎಂಬ ನಡೆ ಬರುತ್ತದೆ. ಎರಡೂ ಚೆನ್ನಾಗಿವೆ ಎಂದರೆ ನೋಡದೇ ಹೇಳಿದಿರಿ ಎಂಬ ನಡೆ. ಮೂರನೆಯ ದಾರಿ ಹೊಳೆಯುವಷ್ಟರಲ್ಲಿ ಅವಳು ಕ್ಲಿನಿಕ್ ತಲುಪಿದ್ದಳು.

“ನಾನು ಒಂದು ಹಲ್ಲು ಕೀಳೋದಕ್ಕೆ ತಗೊಳ್ಳೋ ಟೈಮಲ್ಲಿ ನೀವು ‘ಹೂಂ’ ಅನ್ನಲ್ಲ,” ಎಂದಳು ಸಂಜೆ.

“ಹಲ್ಲು ತಿರುಗಿ ದಾಳಿ ಮಾಡಲ್ಲ,” ಎಂದೆ. ಈ ಉತ್ತರಕ್ಕೂ ಸ್ವಲ್ಪ ಸಮಯ ಹಿಡಿದಿತ್ತು. ಅಷ್ಟರಲ್ಲಿ ಅವಳು ಊಟ ಮುಗಿಸಿ ಕೈ ತೊಳೆಯುತ್ತಿದ್ದಳು.

ಮಾವನ ಜೊತೆಗಿನ ಮೊದಲ ಆಟದಲ್ಲಿ ನಾನು ಕುರ್ಚಿ ಸರಿಮಾಡಿಕೊಳ್ಳುವುದರೊಳಗೆ ಸೋತೆ. ಆಮೇಲಿನವುಗಳಲ್ಲಿ ಕುರ್ಚಿ ಸರಿಮಾಡಿಕೊಂಡ ಮೇಲೆ ಸೋತೆ. ಅದನ್ನು ಪ್ರಗತಿ ಎಂದು ಕರೆಯದೆ ಬೇರೆ ದಾರಿಯಿರಲಿಲ್ಲ.

ಆ ಶುಕ್ರವಾರದ ಆಟ ಮಾತ್ರ ಬೇರೆ. ಹೆಂಡತಿ ಕ್ಲಿನಿಕ್‌ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದಳು. “ಗೆಲ್ಲದಿದ್ರೂ ಪರವಾಗಿಲ್ಲ ರೀ. ಅಪ್ಪನ ಮೇಲೆ ಒಂದು ಕಣ್ಣಿಟ್ಟಿರಿ.” ನಾನು ಎರಡೂ ಕಣ್ಣನ್ನು ಹಲಗೆಯ ಮೇಲಿಟ್ಟೆ.

ಆಟ ಮಧ್ಯಕ್ಕೆ ಬಂದಾಗಲೂ ನನ್ನ ಬಳಿ ಕಾಯಿಗಳಿದ್ದವು. ಮಾವ ಒಂದು ಕಾಲಾಳನ್ನು ಮುಂದೆ ತಳ್ಳಿ, “ಹೂಂ, ನಿಮ್ಮದು,” ಎಂದರು. ನಾನು ಮೊಣಕೈ ಊರಿ, ಗಲ್ಲಕ್ಕೆ ಅಂಗೈ ಕೊಟ್ಟು, ನನ್ನ ಕುದುರೆಯನ್ನು ನೋಡಿದೆ.

ಚೆಸ್ ಕಲಿಯದವರಿಗೆ ಆ ಕ್ಷಣದ ಸುಖವನ್ನು ಹೇಗೆ ಹೇಳಲಿ? ಕುದುರೆ ಹೋಗಬಹುದಾದ ಮನೆಗಳು ಮೂರು. ಒಂದು ಮನೆಯೊಳಗೆ ಇಣುಕಿದರೆ ಅದರ ಹಿತ್ತಿಲ ಬಾಗಿಲು ಇನ್ನೊಂದು ಮನೆಗೆ ತೆರೆಯುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ನಾನು ಬಾಗಿಲಿಂದ ಬಾಗಿಲಿಗೆ ನಡೆದೆ. ಕಪ್ಪು ಮನೆಗಳು ಒಳಗೆ ತಣ್ಣಗಿದ್ದವು. ಬಿಳಿ ಮನೆಗಳಲ್ಲಿ ಮಧ್ಯಾಹ್ನದ ಬಿಸಿಲು ಚಾಪೆ ಹಾಸಿಕೊಂಡಿತ್ತು. ಕಿಟಕಿಯ ಸರಳುಗಳ ನೆರಳು ಹಲಗೆಯ ಮೇಲೆ ಬಿದ್ದು, ಅರವತ್ತನಾಲ್ಕು ಮನೆಗಳು ನೂರಾರು ಮನೆಗಳಾದವು. ಒಂಟೆ ಓರೆಯಾಗಿ ದೂರವನ್ನು ನೋಡುತ್ತಾ ನಿಂತಿತ್ತು. ಆನೆ ಮೂಲೆಯಲ್ಲಿ ತೂಕಡಿಸುತ್ತಿತ್ತು. ಕಾಲಾಳುಗಳಿಗೆ ಹಿಂದಕ್ಕೆ ಬರುವ ದಾರಿಯಿಲ್ಲವೆಂದು ನೆನಪಾಗಿ ನನಗೆ ಸಂಕಟವಾಯಿತು. ಎಲ್ಲೋ ದೂರದ ಸೀಮೆಯಲ್ಲಿ ಕುರ್ಚಿ ಸರಿದ ಸದ್ದು. ನನ್ನ ಸೈನ್ಯದ ಮೇಲೆ ದೊಡ್ಡದೊಂದು ನೆರಳು ಬಿದ್ದು, ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಮೋಡವಿರಬೇಕು ಎಂದುಕೊಂಡೆ. ಶತ್ರು ಪಾಳೆಯದಲ್ಲಿ ಪಾತ್ರೆಗಳು ಮೊಳಗಿದವು. ಬಿಸಿ ಚಹಾದ ಪರಿಮಳ ತೇಲಿ ಬಂದು, ಕುದುರೆಯ ಜೂಲನ್ನು ಸವರಿ, ಮೆಲ್ಲನೆ ಕರಗಿತು. ಎಷ್ಟು ನೆಮ್ಮದಿಯ ಯುದ್ಧ ಅದು!

ಆಗ ಹೊಳೆಯಿತು. ಕುದುರೆ ಎಡಕ್ಕೆ ಹಾರಿದರೆ ಒಂದೇ ಏಟಿಗೆ ಮಾವನ ಮಂತ್ರಿಗೂ ಆನೆಗೂ ಗುರಿ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ನನ್ನದು. ಕುದುರೆಯನ್ನು ಎತ್ತಿ ಇಟ್ಟೆ.

“ಈಗ ಹೇಳಿ ಮಾವ!”

ಮಾವ ಹೇಳಲಿಲ್ಲ. ತಲೆ ಎತ್ತಿದೆ. ಎದುರಿನ ಕುರ್ಚಿ ಖಾಲಿ.

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಬಿಸಿಲು ಹಲಗೆಯನ್ನು ಬಿಟ್ಟು ಎದುರುಗೋಡೆ ಹತ್ತಿತ್ತು. ನನ್ನ ಮೊಣಕೈ ಪಕ್ಕದಲ್ಲಿ ಕೆನೆಗಟ್ಟಿದ ತಣ್ಣನೆಯ ಚಹಾ. ಖಾಲಿ ಕುರ್ಚಿಯ ಪಕ್ಕದಲ್ಲಿ, ಯಜಮಾನನಿಲ್ಲದ ನಾಯಿಯಂತೆ, ವಾಕರ್ ನಿಂತಿತ್ತು.

ವಾಕರ್ ಕಂಡ ಮೇಲೆ ನನ್ನ ತಂತ್ರಜ್ಞಾನವೆಲ್ಲ ಆವಿಯಾಯಿತು. ಅದಿಲ್ಲದೆ ಅವರು ಎಲ್ಲಿ ಹೋಗಲು ಸಾಧ್ಯ? ಎಲ್ಲೋ ಬಿದ್ದಿದ್ದಾರೆ. ಬಚ್ಚಲಲ್ಲಿ ನೋಡಿದೆ. ಮಂಚದ ಕೆಳಗೆ ನೋಡಿದೆ. ಬಟ್ಟೆಯ ಬೀರು ತೆರೆದೂ ನೋಡಿದೆ. ಯಾಕೆಂದು ಈಗ ಕೇಳಬೇಡಿ. ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಬಾಗಿಲಿಂದಾಚೆ ಹಾರಿದೆ. ಹಿಂದೆ ಬಾಗಿಲು ಟಪ್ಪೆಂದು ಮುಚ್ಚಿತು. ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲು ಅದು. ಬೀಗದ ಕೈ ಒಳಗೆ. ಫೋನೂ ಒಳಗೆ.

ಮೆಟ್ಟಿಲಿಳಿದು ರಸ್ತೆಯ ಎರಡೂ ಕಡೆ ನೋಡಿ, ಯಾರೂ ಕಾಣದೆ, ಮತ್ತೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಿದ್ದೆ. ಒಳಗೆ ಯಾರೂ ಇಲ್ಲವೆಂದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಆ ಹೊತ್ತಿಗೆ ಚೀಲ ಹೊತ್ತು ಮೊಣಕಾಲು ಪೊಲೀಸ್ ಬಂದಳು.

“ಸರ್, ಯಾಕೆ ಹೊರಗಿದ್ದೀರಿ? ತಾತ ಎಲ್ಲಿ?”

“ಕಾಣಿಸ್ತಿಲ್ಲ.”

“ಕಾಣಿಸ್ತಿಲ್ಲ ಅಂದ್ರೆ? ನೀವು ಎಲ್ಲಿ ಹೋಗಿದ್ರಿ?”

“ಎಲ್ಲೂ ಇಲ್ಲಮ್ಮ. ಅವರ ಎದುರಿಗೇ ಕೂತಿದ್ದೆ.”

ಅವಳು ನನ್ನ ಒಂಟಿ ಚಪ್ಪಲಿಯನ್ನು ನೋಡಿ, ನನ್ನ ಹೆಂಡತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

“ಅಪ್ಪ ಇಲ್ಲ ಅಂದ್ರೇನ್ರೀ ಅರ್ಥ?”

“ಕುರ್ಚಿಲಿ ಇಲ್ಲ.”

“ಮತ್ತೆಲ್ಲಿದ್ದಾರೆ?”

“ಅದು ಗೊತ್ತಿದ್ರೆ ಇಲ್ಲ ಅಂತ ಯಾಕೆ ಹೇಳ್ತಿದ್ದೆ?”

ಬೈದಿದ್ದರೆ ಚೆನ್ನಾಗಿತ್ತು. “ನಾಳೆ ಆಸ್ಪತ್ರೆ ಅಂತ ಹೆದರಿಕೊಂಡು ಎಲ್ಲಾದ್ರೂ...” ಎಂದು ನಿಲ್ಲಿಸಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕೆಂದು ಪುಸ್ತಕ ಹೇಳಿತ್ತು. ನಾನು ಅದನ್ನು ಕಾಯಿಗಳಿಗೆ ಮಾತ್ರ ಕೇಳಿದ್ದೆ.

ಕ್ಲಿನಿಕ್ ಪಕ್ಕದ ರಸ್ತೆಯಲ್ಲೇ. ಹೆಂಡತಿ ಬಿಳಿ ಕೋಟಿನಲ್ಲೇ, ಒಂದು ಕೈಗೆ ಗವಸು ಹಾಕಿಕೊಂಡೇ ಓಡಿ ಬಂದಳು. “ಒಬ್ಬರ ಬಾಯಿಗೆ ಹತ್ತಿ ಇಟ್ಟು ಬಂದಿದ್ದೀನಿ,” ಎಂದವಳೇ ಬಾಗಿಲು ತೆರೆಯಲು ಬೀಗದ ಕೈ ಹುಡುಕತೊಡಗಿದಳು. ಆಗ ಕೆಳಗಿನಿಂದ ಸದ್ದು ಬಂತು. ಟಕ್. ಉಸಿರು. ಮತ್ತೆ ಟಕ್.

ಮೂವರೂ ಬಗ್ಗಿ ನೋಡಿದೆವು. ಒಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು, ಇನ್ನೊಂದರಲ್ಲಿ ಛತ್ರಿ ಊರಿಕೊಂಡು ಮಾವ ಮೆಟ್ಟಿಲು ಹತ್ತುತ್ತಿದ್ದರು. ಕೂದಲು ನೀಟಾಗಿ ಕತ್ತರಿಸಿತ್ತು. ಗಡ್ಡ ಬೋಳಿಸಿ ಕೆನ್ನೆ ಹೊಳೆಯುತ್ತಿತ್ತು. ಬಲಗಾಲು ಮೇಲಿನ ಮೆಟ್ಟಿಲಿಗೆ ಏರುವಾಗ ಮೊಣಕಾಲು ಬಗ್ಗುತ್ತಿತ್ತು. ನೋವಿಗೆ ಹುಬ್ಬು ಗಂಟಾಗುತ್ತಿತ್ತು, ಆದರೂ ಬಗ್ಗುತ್ತಿತ್ತು. ನಾನು ಬಾಯಿ ತೆರೆಯಹೊರಟೆ. ಫಿಸಿಯೋ ನನ್ನ ತೋಳು ಹಿಡಿದು ಪಿಸುಗುಟ್ಟಿದಳು, “ಮಾತಾಡಿಸಬೇಡಿ ಸರ್. ಹತ್ತಲಿ.”

“ಏನು, ಎಲ್ಲ ಹೊರಗೆ ನಿಂತಿದ್ದೀರಿ?” ಎಂದರು ಮಾವ, ಮೇಲೆ ಬಂದು. “ಕ್ಷೌರದ ಅಂಗಡಿಗೆ ಹೋಗಿದ್ದೆ. ಅಲ್ಲಿ ಕಾಲು ಚಾಚೋಕೆ ಜಾಗಾನೇ ಇಲ್ಲ, ಮಡಚಿ ಕೂರಬೇಕಾಯ್ತು.”

ಹೆಂಡತಿ ಗವಸಿನ ಕೈಯಿಂದಲೇ ಅಪ್ಪನ ಕೆನ್ನೆ ಮುಟ್ಟಿ ನೋಡಿದಳು.

ಒಳಗೆ ಬಂದ ಕೂಡಲೇ ಫಿಸಿಯೋ ಕೋನಮಾಪಕ ಹಿಡಿದಳು. ಒಮ್ಮೆ ಅಳೆದಳು. ನಂಬದೆ ಮತ್ತೊಮ್ಮೆ ಅಳೆದಳು. ತೊಂಬತ್ತೆರಡು. ಹೆಂಡತಿ ಗೋಡೆಗೊರಗಿ ನಿಂತು ಕಣ್ಣೊರೆಸಿಕೊಂಡಳು. ಆಸ್ಪತ್ರೆ ತಪ್ಪಿತು. ಮಾವ ಮಾತ್ರ ಹಲಗೆಯ ಕಡೆ ಬಗ್ಗಿ ನನ್ನ ಮಹಾನಡೆಯನ್ನು ನೋಡುತ್ತಿದ್ದರು.

“ಆಹಾ. ಇಷ್ಟು ಹೊತ್ತು ಕೂತು ಯೋಚಿಸಿದ್ದು ಇದನ್ನೇ?” ಎಂದು ತಮ್ಮ ಒಂಟೆಯನ್ನು ಓರೆಗೆ ಎಳೆದರು. “ಚೆಕ್‌ಮೇಟ್. ನಿಮ್ಮ ರಾಜನನ್ನ ಕಾಯೋಕೆ ಅಂತ ಇದ್ದದ್ದು ಆ ಕುದುರೆ ಒಂದೇ. ಅದನ್ನೂ ಬೇಟೆಗೆ ಕಳಿಸಿಬಿಟ್ಟಿರಿ. ಮತ್ತೆ, ನಾನು ಸೋತು ಕಾಲು ಬಗ್ಗಿಸಿದ್ದಲ್ಲ, ನೆನಪಿರಲಿ.”

ಫಿಸಿಯೋ ಚೀಲ ಮುಚ್ಚುತ್ತಾ ನನ್ನ ಕಡೆ ತಿರುಗಿದಳು. “ಸರ್, ನಾಳೆಯಿಂದ ದಿನಾ ಒಂದು ಆಟ. ನೀವು ಇಷ್ಟೇ ನಿಧಾನ ಆಡಬೇಕು. ಬೇಗ ಕಲಿತುಬಿಡಬೇಡಿ.”

“ಅದರ ಚಿಂತೆ ಬೇಡಮ್ಮ,” ಎಂದರು ಮಾವ.

ಹೆಂಡತಿಗೆ ಈಗ ಬೈಯುವಷ್ಟು ಜೀವ ಬಂದಿತ್ತು. “ಅಲ್ಲ ರೀ, ಮೂರಡಿ ದೂರದಲ್ಲಿ ಕೂತವರು ಎದ್ದು, ಚಹಾ ಮಾಡಿ, ಕುಡಿದು, ನಿಮಗೂ ತಂದಿಟ್ಟು, ಶರಟು ಬದಲಾಯಿಸಿ ಹೋಗಿದ್ದಾರೆ. ನಿಮಗೆ ಗೊತ್ತೇ ಆಗಲಿಲ್ವಾ?”

ಮೂಲೆಗೆ ಸಿಕ್ಕಿದ ರಾಜ ಇರುವ ಒಂದೇ ಮನೆಗೆ ಓಡುವಂತೆ ನಾನು ಮಾವನ ಕಡೆ ಓಡಿದೆ. “ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ ಮಾವ?”

“ಹೇಳದೆ ಹೋಗ್ತೀನಾ ಅಳಿಯಂದಿರೇ?” ಮಾವ ನುಣ್ಣನೆಯ ಗಲ್ಲ ಸವರಿಕೊಂಡರು. “ಚಹಾಕ್ಕೆ ಮೊದಲು ಕೇಳಿದೆ, ಇನ್ನೆಷ್ಟು ಹೊತ್ತು ಅಂತ. ಚಹಾ ಆದ ಮೇಲೆ ಕೇಳಿದೆ. ಬಾಗಿಲಲ್ಲಿ ಛತ್ರಿ ಹಿಡಕೊಂಡು, ಕ್ಷೌರಕ್ಕೆ ಹೋಗಿ ಬರ್ತೀನಿ, ಅಷ್ಟರಲ್ಲಿ ಆಡ್ತೀರಾ ಅಂತಾನೂ ಕೇಳಿದೆ. ಮೂರು ಸಲಾನೂ ತಲೆ ಎತ್ತದೆ ಒಂದೇ ಉತ್ತರ ಕೊಟ್ಟಿರಿ.”

“ಏನಂತ?” ಎಂದಳು ಹೆಂಡತಿ.

“‘ಎರಡೇ ನಿಮಿಷ.’”