ಹಿತ್ತಲಿಗೊಂದು ಸಭ್ಯ ಮರ

ಹಿತ್ತಲಿನ ಅತ್ತಿ ಮರದ ಬೇರು ಬಚ್ಚಲಿನ ಪೈಪಿಗೆ ನುಗ್ಗಿದ ದಿನ ಒಳಗೆ ಸ್ನಾನ ಮಾಡುತ್ತಿದ್ದವರು ಅತ್ತೆ. ಅತ್ತಿ, ಅತ್ತೆ ಇಬ್ಬರಲ್ಲಿ ಒಬ್ಬರು ಮನೆ ಬಿಡಬೇಕಾಯಿತು, ಅತ್ತಿ ಹೋಯಿತು. ಅದರ ಹಿಂದೆಯೇ ಅಳಿಯನಾದ ಗಡಿಯಾರ ರಿಪೇರಿಯವನ ಭಾನುವಾರದ ನಿದ್ದೆಯೂ ಹೋಯಿತು. ವಾರವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಂಥ ತಿರುಪುಗಳೊಡನೆ ಗುದ್ದಾಡುವವನಿಗೆ, ಅತ್ತಿಯ ನೆರಳಲ್ಲಿ ಆರಾಮಕುರ್ಚಿ ಹಾಕಿಕೊಂಡು ಎರಡೂ ಕಣ್ಣು ಮುಚ್ಚುವುದೊಂದೇ ಸುಖ.

"ಬೇರೆ ಮರ ತನ್ನಿ, ಬೇಡ ಅನ್ನಲ್ಲ," ಎಂದಳು ಹೆಂಡತಿ. "ಬೇರು ಮಾತ್ರ ಮನೆ ಕಡೆ ತಿರುಗಿ ನೋಡಬಾರ್ದು."

ವಿಚಾರಿಸಿ ವಿಚಾರಿಸಿ ಸೀಬೆ ಸಸಿ ತಂದ. ಹಾರೆ ಎತ್ತಿದ್ದೇ ತಡ, ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಸರ್ವೆಯರರ ಬೋಳುತಲೆ ಸೂರ್ಯನಂತೆ ಉದಯಿಸಿತು.

"ನಿಲ್ಸಿ ಸ್ವಾಮಿ! ಸೀಬೆ ಬೇರು ಸಾಧು, ಒಪ್ಕೊಂಡೆ. ನೆರಳು ಎಲ್ಲಿ ಬೀಳುತ್ತೆ ನೋಡಿದೀರಾ? ಗಿಡ ನಿಮ್ದು, ನೆರಳು ಕಂಡೋರ್ದು ಆಗ್ಬಾರ್ದಲ್ಲ?"

ಟೇಪು ಬಂತು. ಬಿದಿರಿನ ಗಳ ಬಂತು. ಬೆಳೆದ ಮರದ ಲೆಕ್ಕಕ್ಕೆ ಅದರ ತುದಿಗೆ ರಿಪೇರಿ ಅಂಗಡಿಯ ಮುಂದಿನ ದೊಡ್ಡ ಛತ್ರಿ ಕಟ್ಟಾಯಿತು. ಗಳ ನೆಡಲು ಗುಂಡಿ ತೋಡಹೊರಟರೆ ಅತ್ತೆ ಕಿಟಕಿಯಿಂದ ಕೂಗಿದರು: "ಕೆಳಗೆ ಪೈಪಿದೆ ಅಳಿಯಂದ್ರೇ! ಜಾಗ ಗೊತ್ತಾಗೋವರ್ಗೂ ಅಗೀಬೇಡಿ, ಕೈಯಲ್ಲೇ ಹಿಡ್ಕೊಳ್ಳಿ!"

ಹಿಡಿದುಕೊಂಡ.

"ಎಡಕ್ಕೆ... ಇನ್ನೂ ಎಡಕ್ಕೆ... ಅಯ್ಯೋ, ಅಷ್ಟಲ್ಲ!" ಸರ್ವೆಯರರು ನೆರಳಿನ ಅಂಚಿಗೆಲ್ಲ ಸುಣ್ಣದ ಗೆರೆ ಎಳೆದರು. ನೆರಳು ಸಾಲುತ್ತದೋ ನೋಡಲು ಆರಾಮಕುರ್ಚಿ ತರಿಸಿದರು. ಖಾಲಿ ಕುರ್ಚಿಯಿಂದ ಅಂದಾಜು ಸಿಗದೆಂದು ತಾವೇ ಒರಗಿದರು. ಹೆಂಡತಿ ಚಾಪೆ ತಂದಳು, ಅತ್ತೆ ದಿಂಬು ತಂದರು, ಇಬ್ಬರೂ ಪಕ್ಕದಲ್ಲೇ ಉರುಳಿದರು. ಓರೆ ಬಿಸಿಲಿಗೆ ನೆರಳೆಲ್ಲ ಅವರ ಪಾಲು. ಛತ್ರಿ ಹಿಡಿದವನೊಬ್ಬನಿಗೆ ಬಿಸಿಲು.

"ಬೆವರು ಮೂಗಿಗೆ ಇಳೀತಿದೆ ಕಣೇ, ಒಂಚೂರು ಒರೆಸು."

"ಅಲ್ಲಾಡ್ಬೇಡಿ!" ಸರ್ವೆಯರರು ಕಣ್ಣು ಮುಚ್ಚಿಕೊಂಡೇ ಗದರಿದರು. "ಮರ ಎಲ್ಲಾದ್ರೂ ಮೂಗು ಒರೆಸ್ಕೊಳ್ಳುತ್ತಾ?"

ಆಮೇಲೆ ಮೂರು ಸ್ಥಾಯಿಯ ಗೊರಕೆ.

ಸಂಜೆ ಎಲ್ಲರೂ ಎದ್ದಾಗ ಆಸೆಯಿಂದ ಕೇಳಿದ: "ಹಂಗಾದ್ರೆ ಸಸಿ ಇಲ್ಲೇ ನೆಡೋಣ್ವಾ?"

"ಯಾಕ್ರೀ ನೆಡ್ಬೇಕು?" ಹೆಂಡತಿ ಆಕಳಿಸಿದಳು. "ಅದು ಬೆಳೆದು ನೆರಳು ಕೊಡೋಷ್ಟ್ರಲ್ಲಿ ನಮ್ಮ ಹಲ್ಲು ಉದುರಿರುತ್ತೆ. ಇದಾದ್ರೆ ಬಿಸಿಲು ತಿರುಗಿದ ಹಾಗೆ ತಿರುಗುತ್ತೆ, ಎಲೆ ಗುಡಿಸೋ ಕಾಟಾನೂ ಇಲ್ಲ."

"ಬೇರಂತೂ ಇಲ್ವೇ ಇಲ್ಲ," ಎಂದರು ಅತ್ತೆ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಅಳಿಯನನ್ನು ಮೆಚ್ಚುಗೆಯಿಂದ ನೋಡುತ್ತ.

ಸರ್ವೆಯರರು ಸೀಬೆ ಸಸಿಯನ್ನು ಕಂಕುಳಿಗೇರಿಸಿದರು. "ಇದು ನಿಮಗಿನ್ಯಾಕೆ, ನಮ್ಮ ಹಿತ್ತಲಿಗಾಯ್ತು. ಮುಂದಿನ ಭಾನುವಾರ ಸ್ವಲ್ಪ ಬೇಗ ನಿಂತ್ಬಿಡಿ ಸ್ವಾಮಿ."

ಗಳ ಕೆಳಗಿಡಲು ನೋಡಿದ. ಕೈಕಾಲು ಮರಗಟ್ಟಿದ್ದವು. ಅಷ್ಟರಲ್ಲಿ ಛತ್ರಿಯ ಮೇಲೆ ಕಾಗೆಯೊಂದು ಬಂದು ಕೂತಿತು, ಕೊಕ್ಕಿನಲ್ಲಿ ಗೂಡಿನ ಮೊದಲ ಕಡ್ಡಿ ಕಚ್ಚಿಕೊಂಡು.