ಸ್ಕೂಟರ್ ದುಡ್ಡಿನ ಗಣಿಗಾರಿಕೆ

ಹೆಂಡತಿಗೆ ಸ್ಕೂಟರ್ ಕೊಡಿಸಲೆಂದು ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಪ್ರೇಮ್‌ಕುಮಾರ್ ಮೂರು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡುಗಳನ್ನು ತಂದ ದಿನ ಮೈಸೂರಿನ ಅಶೋಕಪುರಂನ ಅವನ ಮನೆಯಲ್ಲಿ ಜಗಳವೇ ಆಗಲಿಲ್ಲ. ಜಗಳವಾಡಬೇಕಾದರೆ ತಂದದ್ದು ಏನೆಂದು ಮೊದಲು ಗೊತ್ತಾಗಬೇಕಲ್ಲ.

ಇದು ಎರಡು ಸಾವಿರದ ಹದಿನಾಲ್ಕರ ಜನವರಿಯ ಮಾತು. ಬಿಟ್‌ಕಾಯಿನ್ ಎಂದರೆ ಹೊಸ ಬಿಸ್ಕತ್ತಿರಬೇಕು ಎಂದು ಜನ ಅಂದುಕೊಳ್ಳುತ್ತಿದ್ದ ಕಾಲ. ಪ್ರೇಮ್‌ಕುಮಾರ್ ಕಡಕೊಳದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕೈಯಲ್ಲಿ ಟೆಸ್ಟರ್ ಹಿಡಿದು ನಿಂತರೆ ಎಂಥ ಮೊಂಡು ಮೋಟಾರೂ ಅವನ ಮಾತು ಕೇಳುತ್ತಿತ್ತು. ಮನೆಯಲ್ಲಿ ಮಾತ್ರ ಮಿಕ್ಸಿ ಕೂಡ ಕೇಳುತ್ತಿರಲಿಲ್ಲ. ಅವನ ಹೆಂಡತಿ ಸಂಘಮಿತ್ರ ಅದೇ ಕಡಕೊಳದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಬೆಳಿಗ್ಗೆ ನಂಜನಗೂಡು ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗುವುದು ಅವಳ ಪಾಡು.

ಸಂಜೆ ಅಡುಗೆಮನೆಯಲ್ಲಿ ಅವಳು ಅವರೆಕಾಯಿ ಬಿಡಿಸುತ್ತಿದ್ದಾಗ ಪ್ರೇಮ್‌ಕುಮಾರ್ ತನ್ನ ಮಹಾ ಯೋಜನೆಯನ್ನು ನಿವೇದಿಸಿದ.

"ಈ ಕಾರ್ಡು ಹಾಕಿದರೆ ಕಂಪ್ಯೂಟರ್ ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತೆ. ಸರಿಯಾಗಿ ಬಿಡಿಸಿದವರಿಗೆ ನಾಣ್ಯ ಸಿಗುತ್ತೆ. ಕೈಯಲ್ಲಿ ಹಿಡಿಯೋ ನಾಣ್ಯ ಅಲ್ಲ, ಕಂಪ್ಯೂಟರ್ ಒಳಗಿನದು. ಇದಕ್ಕೆ ಮೈನಿಂಗ್ ಅಂತಾರೆ, ಗಣಿಗಾರಿಕೆ."

"ನಾಣ್ಯ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ತಾನಾಗೇ ಬರುತ್ತೆ."

"ಲೆಕ್ಕ ಯಾರು ಕೊಟ್ಟಿದ್ದು?"

"ಅದನ್ನೂ ಯಾರೂ ಕೊಟ್ಟಿಲ್ಲ."

"ಮತ್ತೆ ಉತ್ತರ ಯಾರಿಗೆ ಬೇಕ್ರೀ?"

(ಪ್ರೇಮ್‌ಕುಮಾರ್ ಆ ದಿಕ್ಕಿನಲ್ಲಿ ಇದುವರೆಗೆ ಯೋಚಿಸಿರಲಿಲ್ಲ.)

"ನೋಡಿ, ನಾನು ಹದಿನಾಲ್ಕು ವರ್ಷದಿಂದ ಲೆಕ್ಕ ಬಿಡಿಸ್ತಾ ಇದ್ದೀನಿ. ಒಬ್ಬರೂ ಒಂದು ನಾಣ್ಯ ಕೊಟ್ಟಿಲ್ಲ," ಅಂದಳು ಸಂಘಮಿತ್ರ.

"ನಿನಗೆ ಸಂಬಳ ಬರುತ್ತಲ್ಲ."

"ಅದು ಗಲಾಟೆ ಸಹಿಸ್ಕೊಳ್ಳೋದಕ್ಕೆ."

ಅಷ್ಟರಲ್ಲಿ ಪ್ರೇಮ್‌ಕುಮಾರನ ತಾಯಿ ಪುಟ್ಟಲಿಂಗಮ್ಮ ಗೋಡೆ ಹಿಡಿದುಕೊಂಡು ಬಂದರು. ಚಳಿಗಾಲ ಬಂದರೆ ಅವರ ಮಂಡಿಗಳು ಸತ್ಯಾಗ್ರಹ ಹೂಡುತ್ತಿದ್ದವು. "ಗಣಿ ಅಂದ್ರೆ ಕೋಲಾರದ ಕಡೆ ಅಲ್ವೇನ್ಲಾ? ನಮ್ಮನೇಲಿ ಎಂಗ್ಲಾ ತೋಡೀಯೆ? ಪಾಯ ಬುಟ್ಕಂಡ್ರೆ ಏನ್ ಗತಿ?"

"ತೋಡೋದಿಲ್ಲ ಕಣವ್ವ. ಮೂರೇ ತಿಂಗಳು, ಒಂದು ಸ್ಕೂಟರ್ ದುಡ್ಡು ಎರಡು ಸ್ಕೂಟರ್ ದುಡ್ಡಾಗುತ್ತೆ."

ಸಂಘಮಿತ್ರ ಅವರೆಕಾಯಿ ಸಿಪ್ಪೆ ಒಟ್ಟು ಮಾಡಿಕೊಂಡು ಎದ್ದಳು. "ದುಡ್ಡು ನನ್ನ ಸ್ಕೂಟರ್‌ದು. ಅದಕ್ಕೆ ಮೂರರಲ್ಲಿ ಒಂದು ಕಾರ್ಡು ನನಗೆ. ಅದರಲ್ಲಿ ಯಾವ ನಾಣ್ಯ ತೆಗೀಬೇಕು ಅಂತ ನಾನೇ ಹೇಳ್ತೀನಿ."

ಗಣಿ ಒಪ್ಪಂದಕ್ಕೆ ಹೀಗೆ ಸಹಿ ಬಿತ್ತು.

ಪ್ರೇಮ್‌ಕುಮಾರ್ ಆರಿಸಿಕೊಂಡದ್ದು ಲೈಟ್‌ಕಾಯಿನ್. ಬಿಟ್‌ಕಾಯಿನ್ ಚಿನ್ನವಾದರೆ ಇದು ಬೆಳ್ಳಿ ಎಂದು ಎಲ್ಲೋ ಓದಿದ್ದ. ಸಂಘಮಿತ್ರ ಕಂಪ್ಯೂಟರಿನ ಮುಂದೆ ಕೂತು ಎಲ್ಲ ನಾಣ್ಯಗಳ ಚಿತ್ರ ನೋಡುತ್ತಾ ಹೋಗಿ ಒಂದರ ಮುಂದೆ ನಿಂತಳು. ಅದರ ಮೇಲೆ ನಾಯಿಯ ಮುಖವಿತ್ತು. ಹೆಸರು ಡೋಜ್‌ಕಾಯಿನ್.

"ಸಂಘಾ, ಅದು ತಮಾಷೆಗೆ ಅಂತ ಮಾಡಿರೋ ನಾಣ್ಯ. ಮಾಡಿದವರೇ ಹಾಗಂತ ಹೇಳಿದ್ದಾರೆ."

"ಇವರಾದರೂ ಹೇಳಿದ್ದಾರೆ," ಅಂದಳು ಅವಳು.

ಅಂದಿನಿಂದ ಆ ಮನೆ ಎರಡು ಸಂಸ್ಥಾನಗಳಾಗಿ ಒಡೆಯಿತು. ಹಿಂದಿನ ಚಿಕ್ಕ ಕೋಣೆಯಲ್ಲಿ, ಹಾಲಿನ ಖಾಲಿ ಕ್ರೇಟಿನಲ್ಲಿ ಮೂರೂ ಕಾರ್ಡುಗಳನ್ನು ಸಾಲಾಗಿ ನಿಲ್ಲಿಸಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಗಣಿಗೆ ಚಾಲನೆ ಕೊಟ್ಟದ್ದಾಯಿತು. ಶಬ್ದ ಅಂದರೆ ಶಬ್ದ, ಮೂರು ಹಿಟ್ಟಿನ ಗಿರಣಿ ಒಟ್ಟಿಗೆ ಓಡಿದ ಹಾಗೆ. ಚಟ್ನಿಗೆಂದು ಮಿಕ್ಸಿ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಏಳೂವರೆಗೆ ಗಣಿಗೆ ಐದು ನಿಮಿಷ ರಜೆ, ಚಟ್ನಿಗೆ ಮಾತ್ರ ಅವಕಾಶ ಎಂಬ ಕಾನೂನು ಬಂತು.

ಆ ಕಾನೂನನ್ನು ಪ್ರೇಮ್‌ಕುಮಾರ್ ಪಾಲಿಸಿದ. ಉಳಿದವರು ಪಾಲಿಸದೆ ಹೋದದ್ದು ಅವನು ಮಾಡಿದ ಇನ್ನೊಂದು ಕಾನೂನನ್ನು, ಗಣಿಯೊಳಗೆ ಅನ್ಯರಿಗೆ ಪ್ರವೇಶವಿಲ್ಲ ಎಂಬುದನ್ನು. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಅವ್ವ ಆ ಕೋಣೆಯಲ್ಲಿ ಚಾಪೆ ಹಾಸಿ, ಕಾರ್ಡುಗಳ ಬಿಸಿಗಾಳಿಗೆ ಮಂಡಿ ಕೊಟ್ಟು ಕೂತಿದ್ದರು. ಜೊತೆಗೆ ಬೀದಿಯ ಮೂವರು ಹೆಂಗಸರು. ನಡುವೆ ಒಂದು ಮೊರದ ತುಂಬ ಹಿತಕಿದ ಅವರೆ.

"ಇಲ್ಲೆಲ್ಲ ಕೂರಬಾರದು ಕಣವ್ವ, ಧೂಳು ಹೋದರೆ ಕಾರ್ಡು ಕೆಡುತ್ತೆ."

"ನಿನ್ ಕಾಸು ಬರ್ಲಿ ಬುಡ್ಲಿ ಮಗಾ, ನನ್ ಮಂಡಿ ನೋವು ಬುಟ್ಟೋಯ್ತು," ಅಂದರು ಪುಟ್ಟಲಿಂಗಮ್ಮ. ಮೂವರು ಹೆಂಗಸರೂ ಹೌದೆಂದು ತಲೆಯಾಡಿಸಿದರು. ಬಹುಮತ ಅವರ ಕಡೆಗಿತ್ತು.

ಬೆಳಿಗ್ಗೆ ಕಾಫಿಯ ಜೊತೆ ಆಯಾ ದಿನದ ಉತ್ಪಾದನೆಯ ವರದಿ.

"ನಿಮ್ಮದೆಷ್ಟು ಬಂತ್ರೀ?"

"ಸೊನ್ನೆ ಪಾಯಿಂಟ್ ಒಂಬತ್ತು."

"ನನ್ನದು ಆರು ಸಾವಿರದ ಇನ್ನೂರು."

ಪುಟ್ಟಲಿಂಗಮ್ಮ ಮಗನ ಕಡೆ ಕನಿಕರದಿಂದ ನೋಡುತ್ತಿದ್ದರು. "ಅದು ಹಾಗಲ್ಲವ್ವ. ನನ್ನ ಒಂದು ನಾಣ್ಯದ ಬೆಲೆ ಅವಳ ಹತ್ತು ಸಾವಿರಕ್ಕೂ ಜಾಸ್ತಿ," ಎಂದು ಅವನು ಬಿಡಿಸಿ ಹೇಳಿದರೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಅಂಗಾರೆ ಆರು ಸಾವ್ರ ದೊಡ್ಡುದೋ, ಸೊನ್ನೆ ದೊಡ್ಡುದೋ, ಅಷ್ಟು ಏಳು." ಇದಕ್ಕೆ ಅವನ ಬಳಿ ಉತ್ತರವಿದ್ದರೂ ಸಂಘಮಿತ್ರ ಮುಸಿಮುಸಿ ನಗುವ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ.

ಕಾರ್ಡು ಮಾರಿದ್ದ ಮೃತ್ಯುಂಜಯನೂ ಆಗಾಗ ಗಣಿ ಪರಿವೀಕ್ಷಣೆಗೆ ಬರುತ್ತಿದ್ದ. ಅವನದು ಉದಯಗಿರಿಯಲ್ಲಿ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಗೆಳೆಯ ತನ್ನ ಪಕ್ಷ ವಹಿಸುತ್ತಾನೆ ಎಂದುಕೊಂಡಿದ್ದ ಪ್ರೇಮ್‌ಕುಮಾರನಿಗೆ ಅಲ್ಲೂ ನಿರಾಶೆ. ಮೃತ್ಯುಂಜಯ ಬರುಬರುತ್ತಲೇ, "ಪ್ರೇಮಣ್ಣ, ನಿಮ್ಮ ಬೆಳ್ಳಿ ನೀವೇ ಇಟ್ಕಳಿ. ಅಕ್ಕನ ನಾಯಿ ಇದೆಯಲ್ಲ, ಅದು ಒಂದಿನ ಚಂದ್ರಲೋಕಕ್ಕೆ ಹೋಗುತ್ತೆ ನೋಡಿ," ಅಂದುಬಿಟ್ಟ. ಹತ್ತು ಲಕ್ಷ ನಾಯಿ ನಾಣ್ಯ ಕೂಡಿಸುವುದು ಅವನ ಜೀವನದ ಗುರಿಯಂತೆ. ಆ ದಿನ ಅವನಿಗೆ ಎರಡನೇ ಲೋಟ ಕಾಫಿ ಕೊಟ್ಟದ್ದು ಸಂಘಮಿತ್ರ.

ಮಾರ್ಚ್ ಹೊತ್ತಿಗೆ ಪ್ರೇಮ್‌ಕುಮಾರನ ಖಾತೆಯಲ್ಲಿ ಸುಮಾರು ಲೈಟ್‌ಕಾಯಿನ್ ಸೇರಿತ್ತು. ನಾಣ್ಯ ಮಾರಿ ದುಡ್ಡು ಮಾಡಿಕೊಳ್ಳಬೇಕಾದರೆ ಎಕ್ಸ್‌ಚೇಂಜ್ ಬೇಕು. ಅವನು ಹುಡುಕಿ ಹಿಡಿದದ್ದು ಯಾವುದೋ ದ್ವೀಪದಲ್ಲಿ ನೋಂದಣಿಯಾದ ಒಂದು ವೆಬ್‌ಸೈಟು. ಕಮಿಷನ್ ಎಲ್ಲರಿಗಿಂತ ಕಡಿಮೆ. ಗಣಿಯಿಂದ ಬಂದದ್ದೆಲ್ಲ ಅದರೊಳಗೆ ಸುರಿದು, ಒಳ್ಳೆ ದರ ನೋಡಿ ಮಾರಿಯೂ ಬಿಟ್ಟ. ಪರದೆಯ ಮೇಲೆ ಬಂದ ಮೊತ್ತದಲ್ಲಿ ಎರಡು ಸ್ಕೂಟರ್ ಬರದಿದ್ದರೂ ಒಂದು ಹೊಸ ಸ್ಕೂಟರ್ ಧಾರಾಳವಾಗಿ ಬರುತ್ತಿತ್ತು.

"ನಿನ್ನ ನಾಯಿಗಳನ್ನೂ ಇಲ್ಲೇ ತಂದು ಕಟ್ಟು," ಎಂದು ಹೆಂಡತಿಗೆ ಸಲಹೆ ಕೊಟ್ಟ.

"ಬೇಡ. ಅವು ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಪರಿಚಯ ಇಲ್ಲದವರ ಮನೆಗೆ ಕಳಿಸೋಕೆ ನನಗೆ ಇಷ್ಟ ಇಲ್ಲ," ಅಂದಳು ಅವಳು.

ಪ್ರೇಮ್‌ಕುಮಾರ್ ಹಣ ಬ್ಯಾಂಕಿಗೆ ಕಳಿಸಿ ಎಂದು ಗುಂಡಿ ಒತ್ತಿದ. 'ಪರಿಶೀಲನೆಯಲ್ಲಿದೆ' ಎಂದು ಬಂತು. ಹತ್ತು ದಿನ ಅದೇ ಬರುತ್ತಿತ್ತು. ಹನ್ನೊಂದನೇ ದಿನ ಒಂದು ಪತ್ರ. ಗ್ರಾಹಕರು ಸರ್ಕಾರಿ ಗುರುತಿನ ಚೀಟಿಯನ್ನೂ ಆ ದಿನದ ಪತ್ರಿಕೆಯನ್ನೂ ಮುಖದ ಪಕ್ಕ ಹಿಡಿದು, ಬಿಳಿ ಹಿನ್ನೆಲೆಯಲ್ಲಿ ಫೋಟೊ ತೆಗೆಸಿ ಕಳಿಸತಕ್ಕದ್ದು.

ಭಾನುವಾರ ತಾರಸಿಯ ಮೇಲೆ ಛಾಯಾಗ್ರಹಣ. ಪುಟ್ಟಲಿಂಗಮ್ಮ ಮತ್ತು ಪಕ್ಕದ ಮನೆಯಾಕೆ ಬಿಳಿ ಹೊದಿಕೆಯ ಎರಡು ತುದಿ ಹಿಡಿದರು. ನಡುವೆ ಪ್ರೇಮ್‌ಕುಮಾರ್, ಒಂದು ಕೈಯಲ್ಲಿ ಮತದಾರರ ಚೀಟಿ, ಇನ್ನೊಂದರಲ್ಲಿ ಪೇಪರು.

"ಏನ್ ತಪ್ಪು ಮಾಡವ್ನೆ ಅಂತ ಇವ್ನ ಇಂಗ್ ನಿಲ್ಸಿದ್ದೀಯ?" ಎಂದು ಪುಟ್ಟಲಿಂಗಮ್ಮ ಸೊಸೆಯನ್ನು ಕೇಳಿದರು.

"ಅವರ ದುಡ್ಡು ಅವರಿಗೇ ಬೇಕಂತೆ ಅತ್ತೆ. ಅದೇ ತಪ್ಪು," ಎಂದು ಸಂಘಮಿತ್ರ ಮೊಬೈಲು ಹಿಡಿದಳು.

ಮಾರನೇ ದಿನ ಉತ್ತರ ಬಂತು. ಮುಖ ಹೊಂದಿಕೆಯಾಗುತ್ತಿಲ್ಲ.

ಎಲ್ಲರೂ ಚೀಟಿಯ ಸುತ್ತ ಸೇರಿ ನೋಡಿದರು. ದ್ವೀಪದವರದು ತಪ್ಪಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತೆಗೆದ ಫೋಟೊ ಅದು, ಮೀಸೆಯ ಸುಳಿವಿಲ್ಲ. ಈಗಿನ ಪ್ರೇಮ್‌ಕುಮಾರನ ಮುಖದಲ್ಲಿ ಮೊದಲು ಕಾಣುವುದೇ ಮೀಸೆ. ಹದಿನೈದು ವರ್ಷ ಎಣ್ಣೆ ಹಚ್ಚಿ, ಸಣ್ಣ ಕತ್ತರಿಯಲ್ಲಿ ಒಪ್ಪ ಮಾಡಿ, ಮದುವೆ ಮನೆಗಳಲ್ಲಿ ಹಿರಿಯರಿಂದ ಪ್ರಶಂಸೆ ಗಿಟ್ಟಿಸಿದ ರಾಜಮರ್ಯಾದೆಯ ಮೀಸೆ.

ಐದು ದಿನ ಅವನು ಕನ್ನಡಿಯ ಮುಂದೆ ನಿಂತು ಮೀಸೆ ಸವರಿಕೊಂಡ. ಆರನೇ ದಿನ, ಶನಿವಾರ ಸಂಜೆ, ಜವರಪ್ಪನ ಸಲೂನಿಗೆ ಹೋಗಿ ಕುರ್ಚಿಯ ಮೇಲೆ ಕೂತ. ಜವರಪ್ಪ ಮೂರು ಸಲ ಕೇಳಿದ. ಮೂರನೇ ಸಲ, "ಮನೇಲಿ ಎಲ್ಲ ಚೆನ್ನಾಗವ್ರಾ ಅಣ್ಣ?" ಎಂದೂ ವಿಚಾರಿಸಿದ. ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡೇ ಬೋಳಿಸಿದ.

ಮೀಸೆಯಿಲ್ಲದ ಫೋಟೊ ಹೋದ ಹತ್ತೇ ನಿಮಿಷಕ್ಕೆ ಉತ್ತರ ಬಂತು. ಪರಿಶೀಲನೆ ಪೂರ್ಣಗೊಂಡಿದೆ, ಧನ್ಯವಾದ. ಪ್ರೇಮ್‌ಕುಮಾರ್ ಅವ್ವನಿಗೂ ಹೆಂಡತಿಗೂ ಮೈಸೂರು ಪಾಕು ತಂದು ತಿನ್ನಿಸಿದ. ಭಾನುವಾರ ಬೆಳಿಗ್ಗೆ ವೆಬ್‌ಸೈಟು ತೆರೆದರೆ ಬಿಳಿ ಪುಟದ ಮೇಲೆ ಒಂದೇ ಸಾಲು. ಅನಿವಾರ್ಯ ಕಾರಣಗಳಿಂದ ನಮ್ಮ ಸೇವೆಯನ್ನು ನಿಲ್ಲಿಸಲಾಗಿದೆ. ಮಧ್ಯಾಹ್ನದ ಹೊತ್ತಿಗೆ ಆ ಸಾಲೂ ಇರಲಿಲ್ಲ.

ಅವನು ಹೋಗಿ ಗಣಿಯ ಕೋಣೆಯಲ್ಲಿ ಅವ್ವನ ಪಕ್ಕ ಚಾಪೆಯ ಮೇಲೆ ಕೂತ. ಬರಿದಾದ ತುಟಿಯ ಮೇಲೆ ಬಿಸಿಗಾಳಿ ತಾಗಿ ಏನೋ ಒಂಥರಾ ಆಗುತ್ತಿತ್ತು. ಪುಟ್ಟಲಿಂಗಮ್ಮ ಮಗನ ಗಲ್ಲ ಹಿಡಿದು ತಿರುಗಿಸಿ ನೋಡಿದರು.

"ಎಸ್ಸೆಲ್ಸಿ ಬರೆಯೋವಾಗ ಇಂಗೇ ಇದ್ದೆ ಕಣ್ಲಾ. ಆಗ್ಲೂ ಲೆಕ್ಕದಲ್ಲೇ ಓಗಿದ್ದು," ಅಂದರು. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಸಂಘಮಿತ್ರ ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನೂ ಎರಡು ಮಾತಾಡಿ ಹಗುರಾಗಬಹುದಿತ್ತು. ಅವಳು ಕಾಫಿ ತಂದಿಟ್ಟು, "ರಾತ್ರಿ ಊಟಕ್ಕೆ ಮುಂಚೆ ಬಂದ್ಬಿಡ್ತೀನಿ," ಎಂದು ಹೇಳಿ, ಹಳೆಯ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಊಟಕ್ಕೆ ಬರುತ್ತೇನೆ ಎಂದಿದ್ದರೂ, ತವರಿಗೆ ಹೋದಳೋ ಏನೋ ಎಂದು ಅವನು ಬಾಗಿಲವರೆಗೆ ಓಡಿದ. ತವರಿಗೆ ಲ್ಯಾಪ್‌ಟಾಪ್ ಯಾಕೆ ಎಂದು ಹೊಳೆದ ಮೇಲೆ ವಾಪಸ್ ಬಂದು ಕೂತ.

ಅವಳು ಹೋದದ್ದು ಮೃತ್ಯುಂಜಯನ ಅಂಗಡಿಗೆ. ಅವನ ಹತ್ತು ಲಕ್ಷದ ವ್ರತಕ್ಕೆ ಇನ್ನೂ ಮೂರೂವರೆ ಲಕ್ಷ ನಾಯಿ ನಾಣ್ಯ ಕಡಿಮೆ ಇತ್ತು. ಸಂಘಮಿತ್ರಳ ಬಳಿ ಅದಕ್ಕಿಂತ ಕೊಂಚ ಜಾಸ್ತಿಯೇ ಇತ್ತು. ಅಂಗಡಿಯ ಮುಂದೆ ಮೃತ್ಯುಂಜಯನ ಹೆಂಡತಿ ಆರು ವರ್ಷ ಓಡಿಸಿದ, ಈಗ ಯಾರಿಗೂ ಬೇಡವಾದ ನೀಲಿ ಸ್ಕೂಟರ್ ನಿಂತಿತ್ತು. ಎಕ್ಸ್‌ಚೇಂಜೂ ಇಲ್ಲ, ಪತ್ರಿಕೆ ಹಿಡಿದ ಫೋಟೊವೂ ಇಲ್ಲ. ಅವನ ಕಂಪ್ಯೂಟರಿಗೆ ನಾಯಿಗಳು ಹೋಗಿ ಸೇರಿದವು, ಅವಳ ಕೈಗೆ ಬೀಗದ ಕೈ ಬಂತು. ಹೊಸ ಬ್ಯಾಟರಿ ಹಾಕಿಸಿಕೊಡಬೇಕು ಎಂದು ಅವಳು ಚೌಕಾಸಿ ಬೇರೆ ಮಾಡಿದ್ದಳು.

ಮನೆ ಮುಂದೆ ಸ್ಕೂಟರ್ ಸದ್ದಾದಾಗ ಪ್ರೇಮ್‌ಕುಮಾರ್ ಹೊರಗೆ ಬಂದ. ಸಂಘಮಿತ್ರ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. ಅವಳ ಮುಖದಲ್ಲಿನ ಕಳೆ ನೋಡಿ ಅವನಿಗೆ ಮೀಸೆ ಹೋದ ದುಃಖ ಅರ್ಧ ಕಡಿಮೆಯಾಯಿತು. ತಮಾಷೆ ನಾಣ್ಯ ಅಂದಿರಲ್ಲ ಎಂದು ಅವಳು ಕೇಳಲೇ ಇಲ್ಲ. (ಕೇಳದೆ ಇದ್ದದ್ದನ್ನು ಅವನು ಆ ವಾರವಿಡೀ ಗಮನಿಸುತ್ತಿದ್ದ.)

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟರು. ಓಡಿಸುವವಳು ಅವಳು, ಹಿಂದೆ ಊಟದ ಡಬ್ಬಿ ಹಿಡಿದು ಅವನು. ನಂಜನಗೂಡು ಬಸ್ಸನ್ನು ಹಿಂದೆ ಹಾಕಿದಾಗ ಸಂಘಮಿತ್ರ ಅದರ ಕಿಟಕಿಗಳ ಕಡೆ ಕೈಬೀಸಿದಳು. ಯಾರಿಗೆ ಎಂದು ಅವನು ಕೇಳಿದರೆ, "ಎಲ್ಲರಿಗೂ," ಅಂದಳು. ಅವನಿಗೂ ನಗು ಬಂತು. ತಣ್ಣನೆ ಗಾಳಿ, ಹೊಸ ಬ್ಯಾಟರಿ, ಮುಂದೆ ಹಾಡು ಗುನುಗುವ ಹೆಂಡತಿ. ಲೋಕ ಅಷ್ಟೇನೂ ಕೆಟ್ಟಿಲ್ಲ ಅನ್ನಿಸಿತು.

ಕಾರ್ಖಾನೆಯ ಗೇಟಿನಲ್ಲಿ ಇಳಿದು ಎಂದಿನಂತೆ ಗುರುತಿನ ಕಾರ್ಡು ತೋರಿಸಿ ಒಳಗೆ ನಡೆದ. ಕಾವಲುಗಾರ ಹುಚ್ಚಯ್ಯ ಕೈ ಅಡ್ಡ ಇಟ್ಟ.

"ಪ್ರೇಮಣ್ಣನ ಕಾರ್ಡು ನಿಮ್ಮತ್ರ ಎಂಗ್ ಬಂತು?"

"ನಾನೇ ಕಣಯ್ಯ ಪ್ರೇಮ."

ಹುಚ್ಚಯ್ಯ ಕಾರ್ಡಿನ ಫೋಟೊದಲ್ಲಿದ್ದ ಮೀಸೆಯನ್ನು ನೋಡಿದ. ಎದುರಿನ ಮುಖ ನೋಡಿದ. ಕಾರ್ಡನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ. "ದನಿ ಅವ್ರದೇ ಇದ್ದಂಗದೆ. ಆದ್ರೆ ಮುಖ ಒಂದಿಕೆ ಆಯ್ತಿಲ್ಲ ಸಾರ್," ಅಂದ.

ಒಂದೇ ವಾರದಲ್ಲಿ ಎರಡನೇ ಸಲ ಆ ಮಾತು ಕೇಳಿ ಪ್ರೇಮ್‌ಕುಮಾರ್ ಬರಿದಾದ ತುಟಿಯ ಮೇಲೆ ಕೈಯಾಡಿಸಿಕೊಂಡ. ಸ್ಕೂಟರ್ ತಿರುಗಿಸುತ್ತಿದ್ದ ಸಂಘಮಿತ್ರ ನಿಲ್ಲಿಸಿ ಹತ್ತಿರ ಬಂದಳು. ಹುಚ್ಚಯ್ಯನ ಮಗಳು ಅವಳ ಕ್ಲಾಸಿನಲ್ಲೇ ಓದುತ್ತಿದ್ದಳು. ಅವನು ನೆಟ್ಟಗೆ ನಿಂತು ನಮಸ್ಕಾರ ಮಾಡಿದ.

"ಟೀಚರಮ್ಮ, ಇವ್ರು ಯಾರು ಅಂತ ನಿಮಗೇನಾರಾ ಗೊತ್ತಾ?"

ಸಂಘಮಿತ್ರ ಗಂಡನನ್ನು ಮೇಲಿಂದ ಕೆಳಗಿನವರೆಗೆ, ಉತ್ತರಪತ್ರಿಕೆ ತಿದ್ದುವಾಗಿನ ಗಾಂಭೀರ್ಯದಲ್ಲಿ, ನಿಧಾನವಾಗಿ ನೋಡಿದಳು. ಆ ನಿಧಾನ ಅಗತ್ಯಕ್ಕಿಂತ ಜಾಸ್ತಿಯೇ ಇತ್ತು.

"ಗೊತ್ತು. ಒಳಗೆ ಬಿಡಿ, ನಾನು ಸಹಿ ಹಾಕ್ತೀನಿ."

ಹುಚ್ಚಯ್ಯ ಹೊರಗಿನವರ ಪುಸ್ತಕ ತೆಗೆದು, ಸಂದರ್ಶಕರ ಪಾಸೊಂದನ್ನು ಪ್ರೇಮ್‌ಕುಮಾರನ ಕೊರಳಿಗೆ ಹಾಕಿ, ಪೆನ್ನು ಹಿಡಿದು ಕೇಳಿದ.

"ಪಾಸು ಎಷ್ಟು ದಿನಕ್ಕೆ ಬರೀಲಿ, ಟೀಚರಮ್ಮ?"

"ಮೀಸೆ ಬರೋವರೆಗೂ," ಅಂದಳು ಸಂಘಮಿತ್ರ.