ಆಡಿನ ನಿರ್ಣಯಕ್ಕೆ ಐದನೆಯ ಮತ

ಎಲ್ರಿಕ್‌ನ ತಾಪತ್ರಯಕ್ಕೆಲ್ಲ ಆಡೇ ಕಾರಣ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ನಮ್ಮ ದ್ವೀಪದ ಆಡುಗಳು ಸೊಪ್ಪು ಮುಗಿಸಿ, ಸಮಾಧಿಗಳ ಮೇಲಿನ ಹೂ ಮುಗಿಸಿ, ಹಗ್ಗದ ಮೇಲೆ ಒಣಗುತ್ತಿದ್ದ ಪಾದ್ರಿಗಳ ನಿಲುವಂಗಿಗೂ ಬಾಯಿ ಹಾಕಿದ್ದವು. ಬೀದಿ ಅಲೆಯುವ ಆಡುಗಳನ್ನೆಲ್ಲ ಹಿಡಿದು ಕಡಿಯಬೇಕೆಂಬ ನಿರ್ಣಯ ಅಂದು ಬೆಳಿಗ್ಗೆ ದ್ವೀಪಸಭೆಯ ಮುಂದೆ ಬರಲಿತ್ತು.

ಸಭೆಗೆ ಆರಿಸಿಬಂದವರು ಐವರು. ಇಬ್ಬರು ಆಡಿನ ಕಡೆ, ಇಬ್ಬರು ತೋಟದ ಕಡೆ, ಐದನೆಯವನು ಎಲ್ರಿಕ್. ಅಧ್ಯಕ್ಷತೆ ವಹಿಸುವ ಗವರ್ನರ್‌ಗೆ ಮತವಿಲ್ಲ. ಕುರ್ಚಿಯಲ್ಲಿ ಕೂತ ಸದಸ್ಯ ಹೌದು ಅಥವಾ ಇಲ್ಲ ಎನ್ನಲೇಬೇಕು, ತಟಸ್ಥನಾಗುವಂತಿಲ್ಲ. ಸಭೆಯನ್ನು ರೇಡಿಯೋ ಅಲ್ಲಿಂದಲೇ ಬಿತ್ತರಿಸುತ್ತದೆ, ಊರೆಲ್ಲ ಕೇಳುತ್ತದೆ.

ಎಲ್ರಿಕ್‌ನನ್ನು ಸಾಕಿದ ಯೂಲಾಲಿ ದೊಡ್ಡಮ್ಮನಿಗೆ ಗುಡ್ಡದ ತುಂಬ ಆಡು. ಬೆಳಗಾಗುತ್ತಲೇ ಬಾಗಿಲಿಗೆ ಬಂದಳು. “ಆ ಆಡು ಮಾರಿಯೇ ನಿನ್ನ ಓದಿಸಿದ್ದು ಮಗಾ. ಹೌದು ಅಂದ್ಯೋ, ನನ್ನ ಪಾಲಿಗೆ ನೀನು ಸತ್ತೆ.”

ಅವಳು ಅತ್ತ ಹೋದಳೋ ಇಲ್ಲವೋ, ಹೆಂಡತಿ ಮೆಲ್ವಾ ತಟ್ಟೆಗೆ ಉಪ್ಪುಮೀನು ಹಾಕುತ್ತ ತಣ್ಣಗೆ ಹೇಳಿದಳು: “ಇಲ್ಲ ಅಂದ್ರೆ ಸಂಜೆ ಹಡಗಿಗೆ ನಾನು ಅಕ್ಕನ ಊರಿಗೆ. ಮಕ್ಕಳೂ ನನ್ನ ಜೊತೆಗೇ.” ಅವಳ ಗೆಣಸು, ತೊಗರಿ ಎಲ್ಲ ಆಡಿನ ಹೊಟ್ಟೆ ಸೇರಿದ್ದವು. ಇಬ್ಬರೂ ಆಡಿದ ಮಾತಿಗೆ ತಪ್ಪಿದ ಹೆಂಗಸರಲ್ಲ. ಎಲ್ರಿಕ್ ತಟ್ಟೆ ಅತ್ತ ಸರಿಸಿ ಎದ್ದ.

ಸಭೆಗೆ ಹೋದರೆ ತಾನೇ ಮತ? ಅವನು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಪಕ್ಕದ ಮಂಚದಲ್ಲಿ ಯಾರೋ ತಲೆವರೆಗೆ ಹೊದ್ದು ಮಲಗಿದ್ದರು. ಹೊದಿಕೆಯ ತುದಿಯಲ್ಲಿ ಪಾಲಿಶ್ ಹಾಕಿದ ಬೂಟು ಕಾಣುತ್ತಿತ್ತು. ಎತ್ತಿ ನೋಡಿದರೆ ಹರ್ಮಾನ್, ಆಡಿನ ಪಕ್ಷದ ಮುಖಂಡ.

“ಸೋತ್ರೆ ಆಡಿನವರು ಬಿಡಲ್ಲ, ಗೆದ್ರೆ ತೋಟದ ನಮ್ಮ ಮಾವ ಬಿಡಲ್ಲ ಕಣಯ್ಯ. ಉಳಿದ ಮೂವರೂ ಬೆಳಿಗ್ಗೇನೇ ಮೀನು ಹಿಡಿಯೋಕೆ ದೋಣಿ ಹತ್ತಿದಾರೆ,” ಎಂದ ಹರ್ಮಾನ್.

ಅಷ್ಟರಲ್ಲಿ ರೇಡಿಯೋದಲ್ಲಿ ಗವರ್ನರ್ ದನಿ: ಒಬ್ಬ ಸದಸ್ಯರೂ ಬಂದಿಲ್ಲ, ಕೋರಂ ಇಲ್ಲ, ಸಭೆಯನ್ನು ಮುಂದೂಡಲಾಗಿದೆ. ಮುಂದೇನು ಹೇಳಿದರೋ ಎಲ್ರಿಕ್ ಕೇಳಿಸಿಕೊಳ್ಳಲಿಲ್ಲ. ಭಯ ಇಳಿದ ಖುಷಿಗೆ ಗಹಗಹಿಸಿ ನಕ್ಕುಬಿಟ್ಟಿದ್ದ. ನರ್ಸಮ್ಮ ಬಂದು, ಹೊಟ್ಟೆನೋವಿನವರು ಹೀಗೆ ನಗುವುದನ್ನು ತಾನು ಕಂಡಿಲ್ಲವೆಂದು ಅವನನ್ನು ಎಬ್ಬಿಸಿ ಹೊರಗಟ್ಟಿದಳು.

ಬೀದಿಗಿಳಿದರೆ ರಮ್ಮಿನ ಅಂಗಡಿಯ ಮುಂದೆ ಆಡಿನವರು, ಚರ್ಚಿನ ಮೆಟ್ಟಿಲ ಮೇಲೆ ತೋಟದವರು. ಎರಡೂ ಕಡೆಯವರು ಅವನ ಹೆಸರು ಹಿಡಿದು ಕರೆದರು. ಅತ್ತ ದರಿ, ಇತ್ತ ಪುಲಿ. ಅವನು ತಲೆ ತಗ್ಗಿಸಿಕೊಂಡು ಹಿತ್ತಿಲು ಹಿತ್ತಿಲು ಹಾರಿದ. ಒಂದು ಕಡೆ ನಾಯಿ ಅಟ್ಟಿಸಿಕೊಂಡು ಬಂತು, ಇನ್ನೊಂದು ಕಡೆ ಕಳ್ಳಿ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಂದೇ ಜಾಗ ಹೊಳೆಯಿತು. ಮುಂದೂಡಿದ ಸಭೆಯ ಕೋಣೆಯಲ್ಲಿ ಯಾರು ಹುಡುಕುತ್ತಾರೆ?

ಕೋಣೆ ಖಾಲಿಯಿತ್ತು. ರೂಢಿಯ ಬಲದಿಂದ ತನ್ನ ಕುರ್ಚಿಯಲ್ಲೇ ಕೂತು ಬೆವರು ಒರೆಸಿಕೊಂಡ. ಒಳಬಾಗಿಲಿನಿಂದ ಗವರ್ನರ್ ಬಂದರು. ಮೈಕಿನ ಕೆಂಪು ದೀಪ ಹತ್ತಿತು.

“ನಿಮ್ಮೊಬ್ಬರಿಗಾದ್ರೂ ಧೈರ್ಯ ಇದೆಯಲ್ಲ,” ಎಂದರು.

“ಸಭೆ ಮುಂದಕ್ಕೆ ಹಾಕಿದ್ರಲ್ಲ ಸಾರ್?”

“ಮಧ್ಯಾಹ್ನಕ್ಕೆ ಹಾಕಿದ್ದು. ಮೊದಲ ಸಲ ಕೋರಂ ಇಲ್ಲದಿದ್ರೆ ಎರಡನೇ ಸಲ ಎಷ್ಟು ಜನ ಬಂದ್ರೂ ಸಾಕು ಅಂತ ನಿಯಮ. ರೇಡಿಯೋದಲ್ಲೇ ಹೇಳಿದ್ದೆ.”

ಯಾರಿಂದ ಮತ ಶುರುವಾಗಬೇಕೆಂದು ಚೀಟಿ ಎತ್ತುವುದು ಸಭೆಯ ಪದ್ಧತಿ. ಡಬ್ಬಿಯಲ್ಲಿ ಒಂದೇ ಚೀಟಿಯಿತ್ತು. ಗವರ್ನರ್ ಅದನ್ನು ಚೆನ್ನಾಗಿ ಕುಲುಕಿ ಎತ್ತಿ, ಅವನ ಹೆಸರು ಓದಿದರು.

ಒಂದು ಕಿಟಕಿಯಾಚೆ ದೊಡ್ಡಮ್ಮ ರೇಡಿಯೋ ಹಿಡಿದು ನಿಂತಿದ್ದಳು. ಇನ್ನೊಂದರಾಚೆ ಮೆಲ್ವಾ, ಪೆಟ್ಟಿಗೆ, ಮಕ್ಕಳು. ಚಿಕ್ಕವಳು ಆಗಲೇ ಪ್ರಯಾಣದ ಟೋಪಿ ಹಾಕಿಕೊಂಡಿದ್ದಳು. ಅವನಿಗೆ ಅಳು ಬಂತು.

“ಹೌದು,” ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ. ಮೈಕಿಗೆ ಕೇಳಿಸಿತ್ತು.

“ಪರವಾಗಿ ಒಂದು, ವಿರುದ್ಧ ಯಾರೂ ಇಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗಿದೆ,” ಎಂದು ಗವರ್ನರ್ ಸಾರಿದರು.

ಎಲ್ರಿಕ್ ಹೊರಗೆ ಓಡಿ ಬರುವಷ್ಟರಲ್ಲಿ ಹರ್ಮಾನ್‌ನ ಕಾಯಿಲೆ ವಾಸಿಯಾಗಿತ್ತು. ಅವನು ಪಳಪಳ ಬೂಟಿನಲ್ಲಿ ಬಂದು ದೊಡ್ಡಮ್ಮನ ಪಕ್ಕ ನಿಂತಿದ್ದ. “ನಾನೊಬ್ಬ ಹುಷಾರಾಗಿದ್ದಿದ್ರೆ ಹೀಗಾಗೋಕೆ ಬಿಡ್ತಿದ್ನಾ ದೊಡ್ಡಮ್ಮ?” ಎನ್ನುತ್ತಿದ್ದ.

ದೊಡ್ಡಮ್ಮ ಕಣ್ಣೊರೆಸಿಕೊಂಡು, ಹರ್ಮಾನ್‌ನ ತೋಳು ಹಿಡಿದು ಗುಡ್ಡ ಹತ್ತಿದಳು. ಎಲ್ರಿಕ್ ಕರೆದರೂ ತಿರುಗಿ ನೋಡಲಿಲ್ಲ.